ವೆಸೆಲ್ ಬರುವ ಗುರುವಾರ

ನದಿ ಸಮುದ್ರ ಸೇರುವಲ್ಲಿ ಒಂದು ನಡುಗಡ್ಡೆ. ಅಲ್ಲಿ ನಲವತ್ತು ಮನೆ. ಆ ನಲವತ್ತು ಮನೆಗೂ ಇಂಗ್ಲಿಷ್ ಓದಿ ಹೇಳುವವರು ಒಬ್ಬರೇ, ರಾಮದಾಸ ಪ್ರಭುಗಳು. ಪ್ರಾಯದಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ಉಗ್ರಾಣ ನೋಡಿಕೊಂಡಿದ್ದವರು. ಔಷಧಿ ಬಾಟಲಿಯ ಚೀಟಿ, ಸರಕಾರದ ನೋಟೀಸು, ಏನೇ ಬಂದರೂ ಜನ ಅವರ ಜಗಲಿಗೇ ಬರಬೇಕು. ಬರುವಾಗ ಒಂದು ಚಿಪ್ಪು ಬಾಳೆಹಣ್ಣನ್ನೋ ನಾಲ್ಕು ಮಲ್ಲಿಗೆಯನ್ನೋ ತರುತ್ತಿದ್ದರು. ಪ್ರಭುಗಳಿಗೆ ಹಣ್ಣಿಗಿಂತ ಆ ಬರುವಿಕೆಯೇ ರುಚಿ.

ಹೀಗಿರುವಾಗ ಶಾಲೆಗೆ ಹೊಸ ಟೀಚರ್ ಬಂದಳು. ಮಂಗಳೂರಿನ ಕಡೆಯ ಫ್ಲೋರಿನ್ ಬಾಯಿ. ಅವಳಿಗೂ ಇಂಗ್ಲಿಷ್ ಬರುತ್ತಿತ್ತು. ಮೊದಲು ಮಕ್ಕಳ ತಾಯಂದಿರು ಅವಳ ಹತ್ತಿರ ಹೋದರು, ಆಮೇಲೆ ಅವರ ಗಂಡಂದಿರೂ ಹೋದರು. ಶಾಲೆ ಪ್ರಭುಗಳ ಮನೆಯ ಎದುರಿಗೇ. ಅಲ್ಲಿ ಯಾರಾದರೂ ಕಾಗದ ಹಿಡಿದು ನಿಂತದ್ದು ಕಂಡರೆ ಸಾಕು, ಪ್ರಭುಗಳಿಗೆ ಗಂಜಿ ಇಳಿಯುತ್ತಿರಲಿಲ್ಲ. "ನಿನ್ನೆ ಮೊನ್ನೆ ಹುಟ್ಟಿದವಳು, ಅವಳಿಗೇನು ಗೊತ್ತು?" ಎಂದು ಗೋಡೆಗೆ ಹೇಳಿಕೊಳ್ಳುತ್ತಿದ್ದರು.

ಒಂದು ಸೋಮವಾರ ಊರಿನ ಹೆಸರಿಗೆ ಸರಕಾರದ ಕಾಗದ ಬಂತು. ತಂದವರು ಅಭ್ಯಾಸದಂತೆ ಪ್ರಭುಗಳ ಕೈಗೇ ಕೊಟ್ಟರು. ಎಷ್ಟೋ ದಿನದ ಮೇಲೆ ಜಗಲಿ ತುಂಬ ಜನ. ಪ್ರಭುಗಳು ಕನ್ನಡಕ ಒರೆಸಿ ಓದಿದರು. ಗುರುವಾರ ಬೆಳಿಗ್ಗೆ ಊರಿಗೆ ಒಂದು 'ಮೆಡಿಕಲ್ ವೆಸೆಲ್' ಬರುತ್ತದೆ, ರೋಗಿಗಳು ದೋಣಿ ನಿಲ್ಲುವ ಧಕ್ಕೆಯಲ್ಲಿ ತಯಾರಿರಬೇಕು ಎಂದಿತ್ತು.

ವೆಸೆಲ್ ಅಂದರೆ ಪಾತ್ರೆ. ಹೋಟೆಲಿನ ಉಗ್ರಾಣದಲ್ಲಿ ಅದೇ ಪದವನ್ನು ಅವರು ಸಾವಿರ ಸಲ ಬರೆದಿದ್ದರು. ಆದರೂ ಒಳಗೆ ಒಂದು ಅನುಮಾನ ಕೊರೆಯಿತು. ಒಂದು ಪಾತ್ರೆ ಬರುವುದಕ್ಕೆ ಸರಕಾರ ಕಾಗದ ಬರೆಯುತ್ತದೆಯೇ?

"ಏನಂತೆ ಪ್ರಭುಗಳೇ?" ಎಂದು ಮೊಗೇರರ ದುರ್ಗಿ ಕೇಳಿದಳು. ಅವಳ ಗಂಡ ಜಟ್ಟಪ್ಪನಿಗೆ ಹಿಂದಿನ ದಿನದಿಂದ ಎಡಗಾಲು ತಣ್ಣಗಾಗಿ ವಿಪರೀತ ನೋವು. ಮಧ್ಯಾಹ್ನವೇ ದೋಣಿಯಲ್ಲಿ ಪೇಟೆಯ ಆಸ್ಪತ್ರೆಗೆ ಒಯ್ಯುವುದೆಂದು ಅವಳು ನಿಶ್ಚಯ ಮಾಡಿದ್ದಳು.

"ಗುರುವಾರ ಬೆಳಿಗ್ಗೆ ಧಕ್ಕೆಗೆ ಒಂದು ಪಾತ್ರೆ ಔಷಧಿ ಬರ್ತದಂತೆ. ಎಲ್ಲರಿಗೂ ಹಂಚ್ತಾರೆ."

"ಟೀಚರ್ ಬಾಯಿಗೂ ಒಮ್ಮೆ ತೋರಿಸುವಾ?" ಎಂದು ಯಾರೋ ಹಿಂದಿನಿಂದ ಅಂದರು.

ಪ್ರಭುಗಳ ಮೈಯೆಲ್ಲ ಉರಿಯಿತು. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ನನ್ನ ಮೇಲೆ ನಂಬಿಕೆ ಇಲ್ಲದವರು ಇನ್ನು ಈ ಜಗಲಿ ಹತ್ತುವುದು ಬೇಡ. ದುರ್ಗೀ, ಔಷಧಿ ಮನೆ ಬಾಗಿಲಿಗೇ ಬರುವಾಗ ಗಂಡನನ್ನು ಬಿಸಿಲಲ್ಲಿ ಪೇಟೆಗೆ ಯಾಕೆ ಒಯ್ಯುವುದು?"

ದುರ್ಗಿ ದೋಣಿ ಬೇಡವೆಂದಳು.

ಗುರುವಾರ ಬಂತು. ಗಂಡಸರು ಬಲೆ ಹಾಕಲು ಹೋದರು. ಹೆಂಗಸರು ಐದಾರು ಜನ ತಂಬಿಗೆ, ಚೊಂಬು ಹಿಡಿದು ಧಕ್ಕೆಗೆ ಬಂದರು. ಪ್ರಭುಗಳೂ ಬಂದು ಮುಂದೆ ನಿಂತರು. ಬಂದದ್ದು ಪಾತ್ರೆಯಲ್ಲ, ಬಿಳಿ ಬಣ್ಣದ ಹಡಗು! ಇಂಗ್ಲಿಷಿನಲ್ಲಿ ಹಡಗಿಗೂ ವೆಸೆಲ್ ಎನ್ನುತ್ತಾರೆ. ಮೇಲೆ ಇಬ್ಬರು ಡಾಕ್ಟರು, ನರ್ಸುಗಳು, ಸಾಲು ಮಂಚ.

"ರೋಗಿಗಳು ಎಲ್ಲಿ?" ಎಂದು ಹಡಗಿನವರು ಕೂಗಿದರು. "ನೀರು ಇಳಿಯುತ್ತಾ ಇದೆ. ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಲಿಕ್ಕೆ ಆಗುವುದಿಲ್ಲ."

ಸದ್ದು ಕೇಳಿ ಫ್ಲೋರಿನ್ ಬಾಯಿ ಓಡಿ ಬಂದಳು. "ಊರಿಗೆ ಕಾಗದ ಬಂದಿರಲಿಲ್ವಾ?"

ಎಲ್ಲರೂ ಪ್ರಭುಗಳ ಮುಖ ನೋಡಿದರು. ಕಾಗದದಲ್ಲೇ ತಪ್ಪಿತ್ತು ಎಂದುಬಿಡಬಹುದಿತ್ತು. ಓದಿದವರು ಬೇರೆ ಯಾರೂ ಇಲ್ಲ. ಮಾತು ನಾಲಗೆಯ ತುದಿಗೂ ಬಂತು. ಆದರೆ ಚೊಂಬು ಹಿಡಿದ ಹೆಂಗಸರ ನಡುವೆ ದುರ್ಗಿ ನಿಂತಿದ್ದಳು.

"ಬಂದಿತ್ತು. ನಾನು ತಪ್ಪು ಓದಿದೆ," ಎಂದರು ಪ್ರಭುಗಳು. "ಅನುಮಾನ ಬಂದಿತ್ತು. ನಿನ್ನನ್ನು ಕೇಳಬೇಕಲ್ಲಾ ಅಂತ ಹೊಟ್ಟೆಕಿಚ್ಚಾಯ್ತು. ಕೇಳಲಿಲ್ಲ."

ಫ್ಲೋರಿನ್ ಬಾಯಿ ಬೈಯಲಿಲ್ಲ, ಬೈಯುವಷ್ಟು ಹೊತ್ತೂ ಇರಲಿಲ್ಲ. "ಜಟ್ಟಪ್ಪಣ್ಣನನ್ನು ಮೊದಲು ತರುವ. ಬನ್ನಿ ಮಾಮ, ಕೈ ಕೊಡಿ," ಎಂದಳು. ಹಗ್ಗದ ಮಂಚದ ಒಂದು ಕಾಲನ್ನು ಪ್ರಭುಗಳೇ ಹೊತ್ತರು. ದಾರಿಯುದ್ದಕ್ಕೂ ದುರ್ಗಿ ಅವರ ಕಡೆ ತಿರುಗಿ ನೋಡಲಿಲ್ಲ.

ಹಡಗು ಏರಿಸಿದ ಮೇಲೆ ಡಾಕ್ಟರು ಜಟ್ಟಪ್ಪನ ಕಾಲು ಒತ್ತಿ ನೋಡಿ, ಜೊತೆಯವರಿಗೆ ಇಂಗ್ಲಿಷಿನಲ್ಲಿ 'ವೆಸೆಲ್ ಕಟ್ಟಿಕೊಂಡಿದೆ' ಎಂದು ಹೇಳಿದರು. ಪ್ರಭುಗಳು ಬೆಚ್ಚಿದರು. ಪಾತ್ರೆಯೂ ಅಲ್ಲ, ಹಡಗೂ ಅಲ್ಲ. ಮನುಷ್ಯನ ಕಾಲಿನೊಳಗೆ ಎಂಥ ವೆಸೆಲ್?

ಅವರು ಟೀಚರಿನ ಕಡೆ ತಿರುಗಿದರು. "ಬಾಯೀ, ಅವರು ಹೇಳುವುದು ಯಾವ ವೆಸೆಲ್?"

"ರಕ್ತ ಹರಿಯುವ ನಾಳಕ್ಕೂ ಹಾಗೇ ಹೇಳ್ತಾರೆ, ಮಾಮ. ನನಗೂ ಗೊತ್ತಿರಲಿಲ್ಲ. ಒಮ್ಮೆ ಒಬ್ಬ ನರ್ಸಮ್ಮನನ್ನು ಕೇಳಿ ತಿಳಿದುಕೊಂಡೆ."

ಹಡಗು ಜಟ್ಟಪ್ಪನನ್ನೂ ದುರ್ಗಿಯನ್ನೂ ಕರೆದುಕೊಂಡು ಹೋಯಿತು. ಕಣ್ಣಿಗೆ ಪೊರೆ ಬಂದ ಇಬ್ಬರು ಅಜ್ಜಿಯರು ಧಕ್ಕೆ ತಲುಪುವಷ್ಟರಲ್ಲಿ ಅದು ಅಳಿವೆ ದಾಟಿ ಸಮುದ್ರ ಸೇರಿತ್ತು. ಅವರು ಮತ್ತೆ ಆರು ತಿಂಗಳು ಕಾಯಬೇಕಾಯಿತು. ಜಟ್ಟಪ್ಪನ ಕಾಲು ಉಳಿಯಿತು, ಎರಡು ಬೆರಳು ಹೋದವು. ಸೋಮವಾರವೇ ತಂದಿದ್ದರೆ ಅವೂ ಉಳಿಯುತ್ತಿದ್ದವು ಎಂದು ಡಾಕ್ಟರು ಹೇಳಿದರಂತೆ.

ತಿಂಗಳ ನಂತರ ಆಸ್ಪತ್ರೆಯಿಂದ ಬಂದ ಚೀಟಿ ಹಿಡಿದು ದುರ್ಗಿ ನೇರ ಶಾಲೆಗೆ ಹೋದಳು. ಜಗಲಿಯಲ್ಲಿದ್ದ ಪ್ರಭುಗಳಿಗೆ ಎದೆಯಲ್ಲಿ ಮತ್ತೆ ಅದೇ ಉರಿ ಎದ್ದಿತು. ಅದು ಎಲ್ಲಿಗೂ ಹೋಗಿರಲಿಲ್ಲ. ಆದರೆ ಈ ಸಲ ಅವರು ಎದ್ದು ರಸ್ತೆ ದಾಟಿದರು. ಶಾಲೆಯ ಮೆಟ್ಟಿಲ ಮೇಲೆ, ದುರ್ಗಿಯಿಂದ ಸ್ವಲ್ಪ ದೂರದಲ್ಲಿ ಕೂತು, "ಬಾಯೀ, ಸ್ವಲ್ಪ ಗಟ್ಟಿಯಾಗಿ ಓದು. ನಾನೂ ಕಲಿಯುತ್ತೇನೆ," ಎಂದರು.

ದುರ್ಗಿ ಸ್ವಲ್ಪ ಸರಿದು ಪಕ್ಕದಲ್ಲಿ ಅವರಿಗೆ ಜಾಗ ಬಿಟ್ಟಳು.

ನೀತಿ: ಒಂದು ಪದಕ್ಕೆ ನಾವು ತಿಳಿದ ಅರ್ಥವೊಂದೇ ಇರುವುದಿಲ್ಲ, ಮಕ್ಕಳೇ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ. ಹೊಟ್ಟೆಕಿಚ್ಚಿನಿಂದ ಕೇಳದೆ ಉಳಿದರೆ, ಅದರ ನೋವನ್ನು ಉಣ್ಣುವವರು ನಮ್ಮನ್ನು ನಂಬಿದವರು.