ಕುಂಕುಮ ಇಡುವ ಜಾಗ

ಪೇಟೆಂಟ್ ಕಚೇರಿಯ ಜವಾನನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಉಳಿದದ್ದು ಒಂದೇ ಫೋಟೋ. ಅದೂ ಎಷ್ಟು ಮಾಸಿತ್ತೆಂದರೆ, ಹಬ್ಬದ ದಿನ ಕುಂಕುಮ ಇಡಲು ಹಣೆ ಎಲ್ಲಿದೆಯೆಂದು ಅವನು ತಡಕಾಡುತ್ತಿದ್ದ.

ಮಾಸಿದ ಫೋಟೋಗೆ ಮತ್ತೆ ಜೀವ ತರುವ ದ್ರಾವಣವೊಂದನ್ನು ಸ್ಟುಡಿಯೋ ನಡೆಸುವ ಜುಬೇದಾಬಿ ಕಂಡುಹಿಡಿದಿದ್ದರು. ಆಕೆಯ ಅರ್ಜಿಯ ವಿಚಾರಣೆಯ ದಿನ ಜವಾನ ಫೋಟೋವನ್ನು ಜೇಬಿನಲ್ಲಿಟ್ಟುಕೊಂಡೇ ಬಂದ. ಪೇಟೆಂಟ್ ಕೊಡಬಾರದೆಂದು ದೊಡ್ಡ ಕಂಪನಿಯೊಂದು ತಜ್ಞ ವಾಮನಮೂರ್ತಿಯವರನ್ನು ಕಳಿಸಿತ್ತು.

“ಇದರಲ್ಲಿ ಹೊಸದೇನಿದೆ? ರಸಾಯನಶಾಸ್ತ್ರ ಓದಿದ ಯಾರಿಗಾದರೂ ಥಟ್ಟನೆ ಹೊಳೆಯುತ್ತೆ,” ಎಂದರು ಮೂರ್ತಿ. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ತಲೆದೂಗಿದರು. ಜುಬೇದಾಬಿಯ ಮುಖ ಬಾಡಿತು.

ನೀರು ಇಡಲು ಬಂದ ಜವಾನ ದ್ರಾವಣಕ್ಕೆ ಏನೇನು ಬೇಕೆಂದು ಬರೆದಿದ್ದ ಅರ್ಜಿಯನ್ನು ಮೇಜಿನಿಂದ ಮೆಲ್ಲಗೆ ಎತ್ತಿ ಕಂಕುಳಲ್ಲಿ ಇರುಕಿಕೊಂಡ. ಫೋಟೋವನ್ನು ಮೂರ್ತಿಯವರ ಮುಂದಿಟ್ಟ.

“ಸಾಹೇಬ್ರೇ, ಇವಳು ನನ್ನ ಹೆಂಡತಿ. ಮುಖ ಒಂದ್ಸಲ ನೋಡಬೇಕು. ಏನೇನು ಬೆರೆಸಬೇಕು ಹೇಳಿಬಿಡಿ, ಸಂಜೆಯೇ ತರ್ತೀನಿ.”

ಆ ಮಾತಿನಲ್ಲಿ ಕೀಟಲೆ ಅರ್ಧ, ಆಸೆ ಅರ್ಧ.

ಮೂರ್ತಿ ಕನ್ನಡಕ ಒರೆಸಿದರು. ಫೋಟೋ ತಿರುಗಿಸಿ ನೋಡಿದರು. ಅವರ ಕೈ ಮೇಜಿನ ಮೇಲೆಲ್ಲ ಹುಡುಕಾಡಿತು.

“ಆ ಅರ್ಜಿ ಎಲ್ಲಿ ಹೋಯ್ತಯ್ಯಾ? ನೋಡ್ಕೊಂಡು ಹೇಳ್ತೀನಿ.”

“ಅದ್ಯಾಕೆ ಸಾಹೇಬ್ರೇ? ಥಟ್ಟನೆ ಹೊಳೆಯೋದಲ್ವಾ?”

ಅಧಿಕಾರಿ ನಗು ತಡೆಯಲಾರದೆ ಕೈಚಾಚಿ ಅರ್ಜಿ ಇಸಿದುಕೊಂಡು, ಪೇಟೆಂಟ್ ಕೊಡಬಹುದೆಂದು ಬರೆದರು.

ಹೊರಗೆ ಬಂದ ಜುಬೇದಾಬಿ, “ಫೋಟೋ ಕೊಡಣ್ಣ,” ಎಂದರು.

ಮುಂದಿನ ಹಬ್ಬಕ್ಕೆ ಜವಾನ ಹಣೆಗಾಗಿ ತಡಕಾಡಲಿಲ್ಲ. ಬೆರಳ ತುದಿಯಲ್ಲಿ ಕುಂಕುಮ ಹಿಡಿದು, ಇಡುವುದನ್ನೇ ಮರೆತು, ಆ ಮುಖವನ್ನು ನೋಡುತ್ತ ನಿಂತಿದ್ದ.