ತಿರುಮಲಮ್ಮನ ಮೆರುಗಿನ ಬೊಂಬೆಗಳು

ಮೂಗಿಗೆ ಉಸಿರು ಕೊಟ್ಟು, ಅದನ್ನು ಹಗಲಿರುಳೂ ಕಾಯುವ ಭಗವಂತನಿಗೆ ಮೊದಲು ಕೈಮುಗಿಯೋಣ, ಮಕ್ಕಳೇ.

ತಿರುಮಲಮ್ಮ ಎಂಬಾಕೆ ಥೇಟ್ ಎಳೆಗೂಸಿನಂಥ ಬೊಂಬೆಗಳನ್ನು ಮಾಡುತ್ತಿದ್ದಳು. ಬಣ್ಣ ಒಣಗಿದ ಮೇಲೆ ಸಣ್ಣ ಕುಂಚದಲ್ಲಿ ತುಟಿ, ಕೆನ್ನೆ, ಕಣ್ಣಂಚಿಗೆ ಮಾತ್ರ ಮೆರುಗೆಣ್ಣೆ ಹಚ್ಚುವಳು. ತುಟಿ ಈಗಷ್ಟೇ ಹಾಲು ಕುಡಿದಂತೆ, ಕಣ್ಣಂಚು ಅತ್ತು ಸುಮ್ಮನಾದಂತೆ ಹೊಳೆಯುತ್ತಿತ್ತು.

"ಇವುಗಳ ಉಚ್ಚೆಬಟ್ಟೆ ಒಗೆಯೋರು ಯಾರಮ್ಮ?" ಎಂದು ಅತ್ತೆ ಅಣಕಿಸುತ್ತಿದ್ದರು.

ಹಸಿ ಮೆರುಗನ್ನು ಮುಟ್ಟುವಂತಿಲ್ಲ. ಧೂಳು ಕೂತರೆ ಮುಖವೇ ಕೆಟ್ಟೀತು. ಅದಕ್ಕೇ ಬೊಂಬೆಗಳನ್ನು ಚಾಪೆಯ ಮೇಲೆ ಸಾಲಾಗಿ ಮಲಗಿಸಿ, ಉದ್ದನೆಯ ಮರದ ಪೆಟ್ಟಿಗೆ ಕವುಚಿಬಿಡುತ್ತಿದ್ದಳು.

ಒಂದು ಮುಸ್ಸಂಜೆ ಪೆಟ್ಟಿಗೆ ಕವುಚಿ ಕೈ ತೊಳೆಯುತ್ತಿದ್ದಾಗ ಓರಗಿತ್ತಿ ಸುಗುಣ ಓಡಿಬಂದಳು.

"ಅಕ್ಕಾ, ನನ್ನ ಕೂಸೆಲ್ಲಿ? ಜ್ವರ ಇತ್ತು, ತಣ್ಣಗಿರಲಿ ಅಂತ ನಿಮ್ಮ ಚಾಪೆ ತುದೀಲಿ ಮಲಗಿಸಿ ಕಷಾಯ ಕಾಯಿಸೋಕೆ ಹೋಗಿದ್ದೆ!"

"ಅಲ್ಲಿ ಕೂಸಿರಲಿಲ್ಲ ಕಣೇ, ನನ್ನ ಬೊಂಬೆಗಳೇ ಇದ್ದದ್ದು."

ಬೀದಿಬಾಗಿಲು ತೆರೆದೇ ಇತ್ತು. ನಾಯಿ ಎಳೆದೊಯ್ದಿತೋ? ಯಾರಾದರೂ ಎತ್ತಿಕೊಂಡು ಹೋದರೋ? ಗಂಡಸರು ಬಾವಿಗೆ ಪಾತಾಳಗರಡಿಯ ಕೊಕ್ಕೆಗಳನ್ನು ಇಳಿಬಿಟ್ಟು ತಡಕಿದರು. ಹಗ್ಗ ಮೇಲೆ ಬಂದಾಗಲೆಲ್ಲ ಸುಗುಣ ಕಣ್ಣು ಮುಚ್ಚಿಕೊಂಡಳು.

"ಆ ಪೆಟ್ಟಿಗೆ ಎತ್ತೇ, ತಿರುಮಲ," ಎಂದರು ಅತ್ತೆ.

"ಇಷ್ಟು ಜನ ಓಡಾಡಿ ಧೂಳೆದ್ದಿದೆ ಅತ್ತೆ. ನಾನೇ ನೋಡಿ ಮುಚ್ಚಿದ್ದೀನಿ. ಆರು ತಿಂಗಳ ಕೆಲಸ ಹಾಳಾಗುತ್ತೆ."

ಹೇಳುತ್ತಿದ್ದಂತೆ ಆಕೆಗೆ ನೆನಪಾಯಿತು. ಕೊನೆಯ ಬೊಂಬೆಯ ಹಣೆ ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತು! ಆದರೆ ಹಣೆಗೆ ತಾನು ಮೆರುಗು ಹಚ್ಚಿಯೇ ಇರಲಿಲ್ಲ.

ದೇವರೇ ಎದೆಯೊಳಗೆ ಕೂಗಿದಂತಾಯಿತು. ಪೆಟ್ಟಿಗೆಯನ್ನು ಎತ್ತಿ ಎಸೆದಳು. ಎಣ್ಣೆಯ ಘಾಟು ಮುಖಕ್ಕೆ ಹೊಡೆಯಿತು. ಮಬ್ಬಿನಲ್ಲಿ ಸಾಲು ಸಾಲು ಮುಖಗಳು ಮಿನುಗುತ್ತಿದ್ದವು. ಒಂದೂ ಅಲುಗಲಿಲ್ಲ. ಗಾಬರಿಯಲ್ಲಿ ಸಾಲಿನ ಮೊದಲು ಯಾವುದು, ಕೊನೆ ಯಾವುದು, ಒಂದೂ ತಿಳಿಯಲಿಲ್ಲ. "ನಾರಾಯಣಾ!" ಎನ್ನುತ್ತ ಒಂದೊಂದೇ ಕೆನ್ನೆಯ ಮೇಲೆ ಅಂಗೈ ಒತ್ತಿದಳು. ಮೆರುಗು ಕಿತ್ತು ಕೈಗೆ ಅಂಟಿತು. ಮತ್ತೊಂದು ಕೆನ್ನೆ, ಅದೂ ಅಂಟಿತು. ಇನ್ನೊಂದು ಕೆನ್ನೆಯ ತೇವ ಅಂಟಲಿಲ್ಲ. ಅದು ಸುಡುತ್ತಿತ್ತು.

ಬಾಚಿಕೊಂಡು ಅಂಗಳಕ್ಕೆ ಓಡಿದಳು. ಕೂಸಿನ ಕತ್ತು ಜೋತುಬಿದ್ದಿತ್ತು. ಸುಗುಣ ಅದರ ಅಂಗಾಲು ತಿಕ್ಕಿದಳು. ಅತ್ತೆ ಸೆರಗಿನಿಂದ ಗಾಳಿ ಹಾಕಿದರು. ಗಾಳಿ ಹಾಕುತ್ತಲೇ ಇದ್ದರು.

ಕೂಸು ಒಮ್ಮೆ ಕೆಮ್ಮಿತು. ಆಮೇಲೆ ಕಿಟಾರನೆ ಕಿರುಚಿತು.

ನೀತಿ: ಕೈಕೆಲಸದ ಹೊಳಪಿಗೆ ಮರುಳಾದವರಿಗೆ ಪಕ್ಕದಲ್ಲೇ ಬೇಯುತ್ತಿರುವ ಜೀವವೂ ಕಾಣದು. ಒಂದು ಜೀವದ ಸುಳಿವಿದ್ದರೂ ಸಾಕು, ಕೆಲಸ ಕೆಟ್ಟರೆ ಕೆಡಲಿ, ಮೊದಲು ಮುಟ್ಟಿ ನೋಡಬೇಕು.

ಈ ಕಥೆ ಕೇಳಿದ ನಿಮ್ಮೆಲ್ಲರ ಮನೆಯ ತೊಟ್ಟಿಲುಗಳನ್ನು ಆ ದಯಾಮಯನು ತಂಪಾಗಿಟ್ಟಿರಲಿ.