ಕಾವಲು ಬಿಡದ ಡೆಚೆನ್

ಹಿಮಾಲಯದ ಆಚೆ ಮಗ್ಗುಲಲ್ಲಿ ಒಂದು ಸರೋವರ. ಚಳಿಗಾಲ ಬಂತೆಂದರೆ ದಡದಿಂದ ದಡಕ್ಕೆ ಹೆಪ್ಪುಗಟ್ಟಿ ಕಲ್ಲಾಗುತ್ತಿತ್ತು. ಅಲ್ಲಿ ಚೆವಾಂಗ್ ಎಂಬ ಮುದುಕ ಊರ ಮಕ್ಕಳಿಗೆ ಐಸ್ ಹಾಕಿ ಆಟ ಕಲಿಸಿಕೊಂಡಿದ್ದ. ಮಕ್ಕಳು ಅವನನ್ನು ಮೇಮೆ ಅನ್ನುತ್ತಿದ್ದರು. ಅವರ ಮಾತಿನಲ್ಲಿ ಅಜ್ಜ.

ಅವನ ಶಿಷ್ಯರಲ್ಲಿ ಒಲಿಂಪಿಕ್ಸ್‌ವರೆಗೆ ಹೋದವಳು ಡೆಚೆನ್ ಒಬ್ಬಳೇ. ಗೋಲು ಕಾಯುವವಳು. ಸಿಪಾಯಿಗಳು ಬಿಸಾಕಿದ ಬೂಟಿಗೆ ಕಬ್ಬಿಣದ ಪಟ್ಟಿ ಬಡಿದುಕೊಂಡು ಆಟ ಶುರುಮಾಡಿದವಳು, ದೊಡ್ಡ ದೊಡ್ಡ ದೇಶದ ಹೆಂಗಸರು ಬೀಸಿ ಹೊಡೆದ ರಬ್ಬರ್ ಬಿಲ್ಲೆಯನ್ನು ಎದೆಗೊಟ್ಟು ತಡೆದು ಹೆಸರು ಮಾಡಿದ್ದಳು.

ಒಂದು ಚಳಿಗಾಲ ಅವಳು ಗುರುವನ್ನು ಹುಡುಕಿಕೊಂಡು ಬಂದಳು.

ಮಂಡಿ ಸವೆದಿತ್ತು. ಇನ್ನೊಂದು ಒಲಿಂಪಿಕ್ಸ್‌ಗೆ ಬರುತ್ತೀಯಾ ಎಂದು ತಂಡದವರು ಕೇಳಿದ್ದರು. ಸಂಜೆಯೊಳಗೆ ಹೇಳಬೇಕಿತ್ತು. ಅವಳು ಒಲ್ಲೆನೆಂದರೆ ಆ ಜಾಗ ಯಾಂಗ್ಡೋಲ್‌ಗೆ. ಅವಳೇ ತಿದ್ದಿ ತಯಾರು ಮಾಡಿದ ಹೊಸ ಆಟಗಾರ್ತಿ.

ಹೋಗು ಎಂಬ ಒಂದು ಮಾತು ಗುರುವಿನ ಬಾಯಿಂದ ಬಂದರೆ ಅವಳಿಗೆ ಸಾಕಿತ್ತು. ನೇರ ಕೇಳಲಾಗದೆ ಮಂಡಿಯ ವಿಷಯ, ಡಾಕ್ಟರ ವಿಷಯ, ಯಾಂಗ್ಡೋಲ್ ಇನ್ನೂ ಪಳಗಿಲ್ಲವೆಂಬ ವಿಷಯ, ಎಲ್ಲ ಹೇಳಿದಳು.

ಮೇಮೆ ಒಲೆಗೆ ಬೆರಣಿ ತುರುಕುತ್ತಾ, ಕೊಳ್ಳುವ ಮನಸ್ಸಿಲ್ಲದ ಗಿರಾಕಿಯ ಹಾಗೆ ತಲೆಯಾಡಿಸಿದ. ಆಮೇಲೆ ಬೇರೇನೋ ಕೇಳಿದ.

“ಒಲಿಂಪಿಕ್ಸ್‌ನ ಆ ಕೊನೇ ಪಂದ್ಯದಲ್ಲಿ ಕೋಚು ಕೈಯೆತ್ತಿ ಕರೆದದ್ದು ನಿನಗೆ ಕಾಣ್ತಾ?”

ಆ ಆಟದಲ್ಲಿ ಒಂದು ಪದ್ಧತಿ ಉಂಟು. ಒಂದು ಗೋಲು ಹಿಂದೆ ಬಿದ್ದ ತಂಡ, ಹೊತ್ತು ಮುಗಿಯುತ್ತಾ ಬಂದಾಗ, ಗೋಲು ಕಾಯುವವಳನ್ನೇ ಹೊರಗೆ ಕರೆದು, ಬದಲಿಗೆ ಹೊಡೆಯುವವಳೊಬ್ಬಳನ್ನು ಹೆಚ್ಚಿಗೆ ಇಳಿಸುತ್ತದೆ. ಗೋಲು ಖಾಲಿ. ಗಲ್ಲಾಪೆಟ್ಟಿಗೆ ಕಾಯುವವನನ್ನೂ ಸಂತೆಗೆ ಕಳಿಸಿದ ಹಾಗೆ. ಹೇಗೂ ಮುಳುಗುವ ಅಂಗಡಿ, ಕಾದು ಏನು ಬಂತು ಅನ್ನುವ ಲೆಕ್ಕ.

ಅಂದು ಡೆಚೆನ್‌ಗೆ ಆ ಕರೆ ಬಂದಿತ್ತು. ಅವಳು ಗೋಲು ಬಿಟ್ಟು ಬರಲಿಲ್ಲ. ತಂಡ ಸೋತಿತು. ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು, ಕಾಣಲಿಲ್ಲ ಅಂದಿದ್ದಳು. ಎಲ್ಲರೂ ನಂಬಿದ್ದರು. ಪೇಪರಿನವರಂತೂ ಕೊನೆಯ ಗಳಿಗೆಯವರೆಗೂ ಜಾಗ ಬಿಡದ ವೀರವನಿತೆ ಎಂದು ಬರೆದಿದ್ದರು.

“ಕಾಣ್ತು,” ಅಂದಳು.

“ಮತ್ತೆ?”

“ಗೋಲು ಬಿಟ್ಟು ಅಲ್ಲಾಡಬೇಡ ಅಂತ ನೀವೇ ಕಲಿಸಿದ್ದು, ಮೇಮೆ.”

“ಆಗ ನೀನು ಚೋಟುದ್ದ ಇದ್ದೆ. ಬೆಣ್ಣೆ ಚಹಾ ವಾಸನೆ ಬಂದರೆ ಸಾಕು, ಬಿಟ್ಟು ಓಡ್ತಿದ್ದೆ.”

ಮೇಮೆ ಎದ್ದ. ಮೈಕಾಪು ಕಟ್ಟಿಕೊಂಡು ಬಾ ಅಂದ. ಸರೋವರದ ಹೆಪ್ಪಿನ ಮೇಲೆ ಎರಡು ಕಲ್ಲಿಟ್ಟು, ಇದೇ ಗೋಲು, ಕಾಯುತ್ತಿರು ಅಂದ. ತಾನು ಕೋಲು, ಬಿಲ್ಲೆ, ಚಹಾದ ಹೂಜಿ ಹಿಡಿದು ದೂರ ಹೋಗಿ ಒಂದು ಗೋಣಿಚೀಲದ ಮೇಲೆ ಕೂತ.

ಡೆಚೆನ್ ಕಲ್ಲುಗಳ ನಡುವೆ ಬಗ್ಗಿ ನಿಂತಳು.

ಮಂಜು ಇಳಿಯಿತು. ಗುರು ಕಾಣದಾದ. ಹೆಪ್ಪಿನಡಿ ಎಲ್ಲೋ ನೀರು ನರಳಿತು. ಆ ಸದ್ದು ಅವಳ ಪಾದದ ಕೆಳಗೇ ಹಾದು ಬೆಟ್ಟದ ಕಡೆ ಹೋಯಿತು. ಬಿಲ್ಲೆ ಮಾತ್ರ ಬರಲಿಲ್ಲ.

ಬಿಳುಪಿನೊಳಗಿಂದ ಹೆಂಗಸರು ಜಾರಿಕೊಂಡು ಬಂದರು, ದೇಶಕ್ಕೊಂದು ಬಣ್ಣದ ಅಂಗಿ ತೊಟ್ಟವರು. ಹತ್ತಿರ ಬರುತ್ತಲೇ ಮಂಜಾಗಿ ಆಚೀಚೆ ಸರಿದುಹೋದರು. ಒಬ್ಬರೂ ಅವಳತ್ತ ನೋಡಲಿಲ್ಲ.

ಅವರ ಹಿಂದೆ ಅವಳದೇ ತಂಡ ಬಂತು. ಒಬ್ಬಳು ಕಡಿಮೆ. ಅವರು ಆಡುತ್ತಾ ಆಡುತ್ತಾ, ಡೆಚೆನ್ ಬದಲಿಗೆ ಇಳಿಯಬೇಕಾದವಳು ಬಂದಳೇ ಎಂದು ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದರು.

ಡೆಚೆನ್ ಕಲ್ಲು ದಾಟಿ ಆಚೆ ಕಾಲಿಟ್ಟಳು. ಈ ಸಲ ಯಾರೂ ಕರೆದಿರಲಿಲ್ಲ.

ಸರೋವರದ ನಡುವಿನ ತನಕ ಹೋಗಿ, ಮಂಜು ತೆಳುವಾದಾಗ ತಿರುಗಿ ನೋಡಿದಳು. ಎರಡು ಕಲ್ಲು. ನಡುವೆ ಒಂದಿಷ್ಟು ಹಿಮ.

ಗುರು ಆರಾಮಾಗಿ ಚಹಾ ಕುಡಿಯುತ್ತಿದ್ದ. ಇಷ್ಟು ಹೊತ್ತು ಒಂದಾದರೂ ಹೊಡೆಯಲಿಲ್ಲವಲ್ಲ ಎಂದು ಅವಳು ಕೇಳಿದಳು. ಹೊಡೆಯುತ್ತೇನೆಂದು ತಾನು ಯಾವಾಗ ಹೇಳಿದ್ದೆ ಎಂದು ಅವನು ಕೇಳಿದ.

ಅವಳು ಅಲ್ಲೇ ನಿಂತು ತಂಡದವರಿಗೆ ಫೋನು ಮಾಡಿದಳು. ಯಾಂಗ್ಡೋಲ್‌ಳನ್ನು ಕರೆದುಕೊಂಡು ಹೋಗಿ ಅಂದಳು. ಅಂದು ಕೋಚಿನ ಕೈ ತನಗೆ ಕಂಡಿತ್ತು ಎಂದೂ ಹೇಳಿದಳು. ಆ ಕಡೆಯವರು ಫೋನು ಇಟ್ಟರು.

“ಇನ್ನು ನಾನೇನು ಮಾಡಲಿ, ಮೇಮೆ?”

ಮೇಮೆ ಕೋಲನ್ನು ಅವಳ ಕೈಗೆ ಕೊಟ್ಟ. ಬಿಲ್ಲೆಯನ್ನು ಅವಳ ಕಾಲ ಬಳಿ ಇಟ್ಟ. ನಿಲುವಂಗಿ ಎತ್ತಿ ಕಟ್ಟಿ, ತಡವರಿಸುತ್ತಾ ಹೋಗಿ ಕಲ್ಲುಗಳ ನಡುವೆ ತಾನೇ ಬಗ್ಗಿ ನಿಂತ.

“ನನಗೆ ಹೊಡೆಯೋಕೆ ಬರಲ್ಲ,” ಅಂದಳು ಡೆಚೆನ್. “ಜನ್ಮವೆಲ್ಲ ತಡೆದದ್ದೇ ಆಯ್ತು.”

“ಹೊಡಿ ಮಗಳೇ,” ಅಂದ ಗುರು. “ತಡೆಯೋಕೆ ನನಗೂ ಬರಲ್ಲ.”